ಗಣಿಯ ಚಾವಣಿ

ಮನೆ ಕಟ್ಟುವವನು ಮೊದಲು ಗೋಡೆಯನ್ನೆತ್ತುತ್ತಾನೆ, ಆಮೇಲೆ ಅದರ ಮೇಲೆ ಚಾವಣಿಯನ್ನು ಹೊದಿಸುತ್ತಾನೆ. ಗಣಿಯಲ್ಲಿ ಈ ಕ್ರಮ ತಲೆಕೆಳಗು. ಅಲ್ಲಿ ಚಾವಣಿ ಮೊದಲೇ ಇರುತ್ತದೆ. ಮನುಷ್ಯನು ಅದರ ಅಡಿಯಲ್ಲಿದ್ದ ಆಧಾರವನ್ನು ಒಡೆದು ತೆಗೆದು, ಬರಿದಾದ ಆ ಎಡೆಯಲ್ಲಿ ನಿಂತು ಕೆಲಸ ಮಾಡಬೇಕು. ಮನೆಯ ಚಾವಣಿಗೆ ಬೇಕಾದ ಮರವನ್ನೋ ಕಲ್ಲನ್ನೋ ನಾವು ನೋಡಿ ಆರಿಸಿ ತರುತ್ತೇವೆ. ಗಣಿಯ ಚಾವಣಿಯನ್ನು ಆರಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಅದು ಹೇಗಿದೆಯೋ ಹಾಗೆಯೇ ಅದರೊಡನೆ ಬಾಳಬೇಕು. ಈ ಬಾಳುವೆಯ ವಿದ್ಯೆಯನ್ನು ನಮ್ಮ ನಾಡು ಹೇಗೆ ಕಲಿತಿತು, ಅದಕ್ಕಾಗಿ ಏನು ಬೆಲೆಯನ್ನು ತೆತ್ತಿತು, ಕಲಿತ ವಿದ್ಯೆ ಈಗ ಎಲ್ಲಿ ಉಳಿದಿದೆ ಎಂಬುದು ನಮ್ಮ ಇಂದಿನ ವಿಷಯ.

ಕೊನೆಯ ಪ್ರಶ್ನೆಗೆ ಉತ್ತರವು ಬೆಂಗಳೂರಿನವರಿಗೆ ತೀರ ಸಮೀಪದಲ್ಲಿಯೇ ಇದೆ. ಪಟ್ಟಣದ ದಕ್ಷಿಣಕ್ಕೆ ಬನಶಂಕರಿಯ ಎರಡನೆಯ ಹಂತದಲ್ಲಿ, ಹೊರವರ್ತುಲ ರಸ್ತೆಯ ಮೇಲೆ, ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಎಂಬುದೊಂದುಂಟು. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಎಂಬುದು ಅದರ ಇಂಗ್ಲಿಷ್ ಹೆಸರು. ಜಯನಗರದಲ್ಲಾಗಲಿ ಜೆ.ಪಿ. ನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಗಣಿ ಇಲ್ಲ. ಮನೆಗಳೂ ಅಂಗಡಿಗಳೂ ಶಾಲೆಗಳೂ ಕಿಕ್ಕಿರಿದ ಈ ಬಡಾವಣೆಗಳ ನಡುವೆ, ನೆಲದಡಿಯ ಬಂಡೆಯ ಬಿಗುವನ್ನೂ ಬಿರುಕನ್ನೂ ಅಳೆಯುವುದೇ ಕಸುಬಾದ ಒಂದು ಸಂಸ್ಥೆ ಏಕೆ ಇರಬೇಕು? ಇದನ್ನು ತಿಳಿಯಬೇಕಾದರೆ ಪೂರ್ವಕ್ಕೆ ಅರುವತ್ತು ಮೈಲಿಯಷ್ಟು ಹೋಗಬೇಕು. ಕಾಲದಲ್ಲಿ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಹಿಂದಕ್ಕೆ ಸರಿಯಬೇಕು. ಆ ಸಂಸ್ಥೆಯ ತೌರುಮನೆ ಕೋಲಾರದ ಚಿನ್ನದ ಗಣಿ.

ಅಲ್ಲಿಗೆ ಹೋಗುವ ಮೊದಲು ಬಂಡೆಯ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಇದಕ್ಕೆ ಲಾಲ್‌ಬಾಗಿನ ಬಂಡೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಆ ಬಂಡೆಗೆ ಸುಮಾರು ೩೦೦ ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ದೇಶದ ದಕ್ಷಿಣಭಾಗದಲ್ಲೆಲ್ಲ ಹರಡಿರುವ ಈ ಜಾತಿಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನು ೧೯೧೬ರಲ್ಲಿ ನೆಲೆಗೊಳಿಸಿದವರು ಮೈಸೂರು ಸರ್ಕಾರದ ಭೂಶಾಸ್ತ್ರ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಅವರು. ಈ ಹೆಸರನ್ನು ಕೇಳುಗರು ನೆನಪಿನಲ್ಲಿಡಬೇಕು. ಇನ್ನು ಸ್ವಲ್ಪ ಹೊತ್ತಿನಲ್ಲಿಯೇ ಅದು ಮತ್ತೆ ಬರಲಿದೆ.

ಬಂಡೆ ಎಂದರೆ ನಿಶ್ಚಲವಾದ, ಜಡವಾದ ವಸ್ತುವೆಂಬುದು ನಮ್ಮ ಸಾಮಾನ್ಯವಾದ ಭಾವನೆ. ನೆಲದ ಮೇಲಿರುವಾಗ ಅದು ಬಹುಮಟ್ಟಿಗೆ ದಿಟ. ಆದರೆ ನೆಲದೊಳಗೆ ಇಳಿದ ಹಾಗೆಲ್ಲ ಪ್ರತಿಯೊಂದು ಬಂಡೆಯೂ ತನ್ನ ಮೇಲಿನ ಬಂಡೆಗಳ ಭಾರವನ್ನು ಹೊತ್ತು ನಿಂತಿರುತ್ತದೆ. ಕೋಲಾರದ ಕರಿಯ ಪದರುಶಿಲೆ ನೀರಿನ ಸುಮಾರು ಮೂರರಷ್ಟು ತೂಕದ್ದು. ಹತ್ತು ಸಾವಿರ ಅಡಿಯ ಆಳದಲ್ಲಿ ಒಂದು ಚದರಡಿ ಜಾಗದ ಮೇಲೆ ಬೀಳುವ ಭಾರ ೮೦೦ ಟನ್ನಿಗೂ ಹೆಚ್ಚು. ಈ ಭಾರದಡಿಯಲ್ಲಿ ಬಂಡೆ ಅಗೋಚರವಾಗಿ ಕುಗ್ಗಿ, ಹೆದೆಯೇರಿಸಿದ ಬಿಲ್ಲಿನಂತೆ ಬಿಗಿದುಕೊಂಡಿರುತ್ತದೆ. ಸುತ್ತಲೂ ಬಂಡೆಯೇ ಇರುವ ತನಕ ಆ ಬಿಗುವಿಗೆ ಹೊರಬರಲು ದಾರಿಯಿಲ್ಲ. ಮನುಷ್ಯನು ಅಲ್ಲಿಗೆ ಒಂದು ಸುರಂಗವನ್ನು ಕೊರೆದನೆಂದರೆ ದಾರಿ ತೆರೆಯಿತು.

ಹೊಳೆಯ ನಡುವೆ ಒಂದು ಕಲ್ಲನ್ನಿಟ್ಟರೆ ನೀರು ಅದನ್ನು ಬಳಸಿಕೊಂಡು ಎರಡು ಮಗ್ಗುಲಲ್ಲಿಯೂ ರಭಸದಿಂದ ಹರಿಯುವುದನ್ನು ಎಲ್ಲರೂ ನೋಡಿದ್ದೇವೆ. ಬಂಡೆಯೊಳಗಿನ ಭಾರವೂ ಹಾಗೆಯೇ. ಸುರಂಗದ ಬರಿದಾದ ಎಡೆಯಲ್ಲಿ ಅದು ಇಳಿಯಲಾರದು. ಬಳಸಿಕೊಂಡು ಹೋಗಿ ಎರಡು ಪಕ್ಕದ ಬಂಡೆಗಳ ಮೇಲೆ ಇಮ್ಮಡಿಯಾಗಿ ಕೂರುತ್ತದೆ. ತೆಗೆದುಹಾಕಿದ ಕಲ್ಲು ಹೊತ್ತಿದ್ದ ಹೊರೆಯನ್ನು ಉಳಿದ ಕಲ್ಲು ಹೊರಲೇಬೇಕು. ಗಣಿಯ ಚಾವಣಿಯ ಶಾಸ್ತ್ರವೆಲ್ಲ ಈ ಒಂದು ಮಾತಿನ ವಿಸ್ತಾರವೆಂದರೂ ಸಲ್ಲುತ್ತದೆ.

ಕೋಲಾರದ ಬಂಗಾರದ ವಿಚಾರವನ್ನು ೧೮೦೨ರಲ್ಲಿಯೇ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ ವರದಿಮಾಡಿದ್ದನು. ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬಾತನು ೧೮೭೦ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿಯ ಹಕ್ಕನ್ನು ಪಡೆದನು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಕೆಲಸಕ್ಕೆ ಕೈಹಾಕಿದ ಮೇಲೆ, ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳು ಒಂದರ ಪಕ್ಕದಲ್ಲೊಂದು ಆಳಕ್ಕೆ ಇಳಿಯತೊಡಗಿದುವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಇಲ್ಲಿಗೆ ಬಂದ ಬಳಿಕ ಇಳಿಯುವ ವೇಗ ಹೆಚ್ಚಿತು. ಈ ಸಂಗತಿಗಳು ಬಹುಮಂದಿಗೆ ಗೊತ್ತು. ಇಳಿದ ಹಾಗೆಲ್ಲ ಚಾವಣಿಯನ್ನು ಕಾಯ್ದುಕೊಂಡ ಬಗೆ ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕೋಲಾರದಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ತೆಳುವಾದ ಪದರುಗಳಲ್ಲಿ. ಈ ಪದರು ಹಾಸಿಗೆಯಂತೆ ಮಲಗಿದ್ದುದಲ್ಲ. ಗೋಡೆಗೆ ಒರಗಿಸಿದ ಹಲಗೆಯಂತೆ ಓರೆಯಾಗಿ, ಆಳಕ್ಕೆ ಹೋದಂತೆ ನೆಟ್ಟಗೆ, ನಿಂತಿದ್ದುದು. ಅದನ್ನು ಅಗೆದು ತೆಗೆದ ಮೇಲೆ ಎರಡು ಕರಿಯ ಗೋಡೆಗಳ ನಡುವೆ ಇಕ್ಕಟ್ಟಾದ ಒಂದು ಸೀಳು ಉಳಿಯುತ್ತಿತ್ತು. ತಲೆಯ ಮೇಲಕ್ಕೆ ವಾಲಿದ ಗೋಡೆಯೇ ಅಲ್ಲಿಯ ಚಾವಣಿ. ಮೊದಮೊದಲು ಅದನ್ನು ತಡೆದು ನಿಲ್ಲಿಸಿದ್ದು ಮರ. ಗೋಡೆಯಿಂದ ಗೋಡೆಗೆ ದಿಮ್ಮಿಗಳನ್ನು ಅಡ್ಡಲಾಗಿ ಬಿಗಿಯುತ್ತಿದ್ದರು. ಭಾರ ಹೆಚ್ಚಾದ ಕಡೆ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ಅಟ್ಟಣೆ ಕಟ್ಟುತ್ತಿದ್ದರು.

ಮರದಲ್ಲಿ ಒಂದು ದೊಡ್ಡ ಗುಣವಿದೆ. ಅದು ಮಾತನಾಡುತ್ತದೆ. ಭಾರವನ್ನು ತಾಳಲಾರದೆ ಮುರಿಯುವ ಮುಂಚೆ ಮರ ಕಿರುಗುಟ್ಟುತ್ತದೆ, ಜಜ್ಜಿಹೋಗುತ್ತದೆ, ನಾರು ನಾರಾಗಿ ಸೀಳುತ್ತದೆ. ಆ ದನಿಯನ್ನು ಕೇಳಿ ಕೆಲಸಗಾರನು ಓಡಿ ಜೀವವನ್ನು ಉಳಿಸಿಕೊಳ್ಳಬಹುದು. ಲೋಕದ ಎಲ್ಲ ದೇಶದ ಗಣಿಗಾರರೂ ಮರದ ಊರೆಗಂಬವನ್ನು ಪ್ರೀತಿಸಿದುದಕ್ಕೆ ಇದೇ ಮುಖ್ಯವಾದ ಕಾರಣ. ಆದರೆ ನೆಲದಡಿಯ ಬಿಸಿಯಲ್ಲಿ, ತೇವದಲ್ಲಿ, ಮರ ಬೇಗ ಕೊಳೆಯುತ್ತದೆ. ಬೆಂಕಿ ತಗುಲಿದರೆ ಗಣಿಯನ್ನೇ ಹೊಗೆಯಿಂದ ತುಂಬುತ್ತದೆ. ಗಣಿಯ ಆಳ ಹೆಚ್ಚಿದಂತೆ ಅದರ ಬಲವೂ ಸಾಲದಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕೋಲಾರದ ಗಣಿಗಾರರು ಹಿಂದೆ ಕಾಣದಿದ್ದ ಒಂದು ಉಪದ್ರವವನ್ನು ಕಂಡರು. ಯಾವ ಮುನ್ಸೂಚನೆಯೂ ಇಲ್ಲದೆ, ಮದ್ದಿಟ್ಟವರು ಯಾರೂ ಇಲ್ಲದೆ, ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ತೋಪು ಹಾರಿಸಿದಂತಹ ಸದ್ದಿನೊಡನೆ ಗೋಡೆಯ ಕಲ್ಲು ಚೂರಾಗಿ ಸುರಂಗದೊಳಕ್ಕೆ ನುಗ್ಗುತ್ತಿತ್ತು. ಅದರ ಬೆನ್ನಿಗೇ ಗಾಳಿಯ ದೊಡ್ಡ ಹೊಡೆತ ಬಂದು ದೂರದಲ್ಲಿದ್ದವರ ದೀಪಗಳು ಆರುತ್ತಿದ್ದುವು. ಈ ಗಾಳಿಯನ್ನು ಕಂಡ ಜನ ಅದಕ್ಕೆ ‘ಏರ್ ಬ್ಲಾಸ್ಟ್’ ಎಂದು ಹೆಸರಿಟ್ಟರು. ಹೆಸರು ಪರಿಣಾಮವನ್ನು ಹಿಡಿಯಿತು, ಕಾರಣವನ್ನು ಹಿಡಿಯಲಿಲ್ಲ. ಸಿಡಿದದ್ದು ಗಾಳಿಯಲ್ಲ, ಬಿಗಿದ ಬಿಲ್ಲು ಒಮ್ಮೆಗೇ ಬಿಚ್ಚಿತ್ತು. ಈಗ ಇದನ್ನು ಶಿಲಾಸ್ಫೋಟವೆಂದು ಕರೆಯುತ್ತೇವೆ. ದೊಡ್ಡ ಸ್ಫೋಟವಾದಾಗ ಮೇಲೆ ಊರಿನಲ್ಲಿಯೂ ನೆಲ ಅದುರಿ, ನೆಲವಿನ ಪಾತ್ರೆಗಳು ಜಣಗುಟ್ಟಿ, ಮನೆಯ ಗೋಡೆಗಳು ಬಿರಿಯುವುದುಂಟು. ಗಣಿಯೊಳಗೆ ಗಂಡನನ್ನೋ ಮಗನನ್ನೋ ಕಳಿಸಿದ ಮನೆಯಲ್ಲಿ ಆ ಅದುರು ಏನೆಂದು ವಿವರಿಸಿ ಹೇಳಬೇಕಾದ ಅವಶ್ಯಕತೆ ಇರಲಿಲ್ಲ.

೧೯೦೪ರಲ್ಲಿ ಮೈಸೂರು ಭೂಶಾಸ್ತ್ರ ಇಲಾಖೆ ಕೋಲಾರದ ಈ ಏರ್ ಬ್ಲಾಸ್ಟುಗಳನ್ನೂ ನೆಲದ ಅದುರುಗಳನ್ನೂ ಕುರಿತು ಪ್ರತ್ಯೇಕವಾದ ಒಂದು ಪ್ರಕಟಣೆಯನ್ನೇ ಹೊರಡಿಸಿತು. ಅದನ್ನು ಬರೆದವರು ಲಾಲ್‌ಬಾಗಿನ ಶಿಲೆಗೆ ಮುಂದೆ ಹೆಸರು ನೆಲೆಗೊಳಿಸಿದ ಆ ಸ್ಮೀತ್ ಅವರೇ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ನೆಲ ಅದುರುವುದನ್ನು ವಿಚಾರಿಸಲು ಜೊಹಾನೆಸ್‌ಬರ್ಗಿನ ಬಳಿಯ ಓಫಿರ್ಟನ್ನಿನ ಹೆಸರಿನ ಸಮಿತಿ ನೇಮಕವಾದದ್ದು ೧೯೦೮ರಲ್ಲಿ. ಮೈಸೂರಿನ ವಿಚಾರ ಅದಕ್ಕಿಂತ ನಾಲ್ಕು ವರ್ಷ ಮೊದಲಿನದು. ಲೋಕಕ್ಕೆ ಹೊಸದಾಗಿದ್ದ ಒಂದು ಕಷ್ಟ ನಮ್ಮ ನೆಲದಲ್ಲಿ ಮೊದಲು ತಲೆದೋರಿದುವುಗಳ ಸಾಲಿನಲ್ಲಿ ಸೇರಿತ್ತು. ಅದನ್ನು ದೈವದ ಕೋಪವೆಂದು ಬಿಡದೆ ಬರಹಕ್ಕಿಳಿಸಿ ವಿಚಾರಮಾಡುವ ಕಾರ್ಯವೂ ಇಲ್ಲಿ ಬೇಗನೆಯೇ ಆರಂಭವಾಯಿತು.

ವಿಚಾರ ಮುಂದುವರಿದಂತೆ ಒಂದು ಅನಿರೀಕ್ಷಿತವಾದ ಸಂಗತಿ ತಿಳಿದುಬಂತು. ಚಾವಣಿಯನ್ನು ಹಿಡಿದು ನಿಲ್ಲಿಸಲು ಗಣಿಗಾರರು ಎಲ್ಲ ಕಾಲದಲ್ಲಿಯೂ ನಂಬಿದ ಉಪಾಯವೆಂದರೆ, ನಡುನಡುವೆ ಅದುರನ್ನು ತೆಗೆಯದೆ ಕಂಬಗಳಂತೆ ಬಿಟ್ಟುಬಿಡುವುದು. ನೂರು ಕಂಬದ ಮಂಟಪವನ್ನು ಕಂಡವರಿಗೆ ಇದಕ್ಕಿಂತ ಸಹಜವಾದ ಯುಕ್ತಿ ತೋಚದು. ಮೇಲಿನ ಪಾತಳಿಗಳಲ್ಲಿ ಇದು ಸರಿಯಾಗಿಯೇ ನಡೆಯಿತು. ಆಳದಲ್ಲಿ ಕಾಪಾಡುವ ಕಂಬವೇ ಕೊಲ್ಲುವ ಕಂಬವಾಯಿತು. ಎರಡು ಕಡೆಯಿಂದ ಅಗೆದು ಬಂದ ತಂಡಗಳ ನಡುವೆ ಉಳಿದ ಕಲ್ಲಿನ ಮೇಲೆ, ತೆಗೆದ ಕಲ್ಲಿನ ಹೊರೆಯೆಲ್ಲ ಬಂದು ಸೇರುತ್ತದೆಯಷ್ಟೆ. ಅಗೆತ ಮುಂದುವರಿದು ಕಂಬ ಸಣ್ಣದಾದ ಹಾಗೆಲ್ಲ ಹೊರೆ ಹೆಚ್ಚುತ್ತ, ಹೊರುವ ಮೈ ಕುಗ್ಗುತ್ತ ಹೋಗುತ್ತದೆ. ಶಿಲೆ ಮೆದುವಾಗಿದ್ದರೆ ಅದು ಮೆಲ್ಲನೆ ಪುಡಿಯಾಗಿ ಭಾರವನ್ನು ಇಳಿಸೀತು. ಕೋಲಾರದ ಶಿಲೆ ಗಡುಸು. ಅದು ಕೊನೆಯ ಕ್ಷಣದವರೆಗೂ ಅಲುಗದೆ ನಿಂತು, ಆಮೇಲೆ ಒಮ್ಮೆಗೇ ಸಿಡಿಯುತ್ತದೆ.

ಇದರಿಂದ ಹೊರಟ ಬುದ್ಧಿ ಇದು: ತೀರ ಆಳದಲ್ಲಿ ದ್ವೀಪದಂತೆ ಒಂಟಿ ಕಂಬಗಳನ್ನು ಉಳಿಸಬಾರದು, ಎದುರುಬದುರಾಗಿ ಅಗೆದು ಬರಬಾರದು, ಒಂದು ಕಡೆಯಿಂದ ಆರಂಭಿಸಿ, ನೇಗಿಲ ಸಾಲಿನಂತೆ ಮೊಗವನ್ನು ನೆಟ್ಟಗಿಟ್ಟುಕೊಂಡು, ಇನ್ನೊಂದು ಕಡೆಗೆ ಸಾಗಬೇಕು. ಶಿಲೆಯೊಳಗೆ ಬೇರೆ ಜಾತಿಯ ಕಲ್ಲಿನ ಅಡ್ಡಗೋಡೆಯಾಗಲಿ ಹಳೆಯ ಬಿರುಕಾಗಲಿ ಇದ್ದರೆ, ಅದರ ಕಡೆಗೆ ಅಗೆದು ಹೋಗುವುದರ ಬದಲು ಅದರಿಂದ ದೂರ ಸರಿಯುವಂತೆ ಕೆಲಸವನ್ನು ಯೋಜಿಸಬೇಕು. ಚಾವಣಿಯನ್ನು ಕಾಯುವುದೆಂದರೆ ಕಂಬ ನಿಲ್ಲಿಸುವುದು ಎಂದಿದ್ದ ಭಾವನೆ ಹೋಗಿ, ಯಾವ ಕಲ್ಲನ್ನು ಯಾವಾಗ ತೆಗೆಯಬೇಕೆಂಬ ಅನುಕ್ರಮದಲ್ಲಿಯೇ ಅರ್ಧ ರಕ್ಷಣೆಯಿದೆ ಎಂಬ ತಿಳಿವು ಬಂತು.

ಇದರಿಂದ ಕಂಬವೇ ಕೆಟ್ಟದ್ದೆಂದು ಯಾರೂ ಭಾವಿಸಬಾರದು. ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಎಂಬ ಕಲ್ಲಿದ್ದಲ ಗಣಿಯಲ್ಲಿ ೧೯೬೦ರ ಜನವರಿ ೨೧ರಂದು ಇದರ ಇನ್ನೊಂದು ಮುಖ ಕಾಣಿಸಿತು. ಅಲ್ಲಿ ಬಿಟ್ಟಿದ್ದ ಕಲ್ಲಿದ್ದಲ ಕಂಬಗಳು ಹೊರೆಗೆ ಸಾಲದಷ್ಟು ಸಣ್ಣವಾಗಿದ್ದುವು. ಒಂದು ಕುಸಿಯಲು ಅದರ ಹೊರೆ ಪಕ್ಕದ ಕಂಬಕ್ಕೆ ದಾಟಿ, ಅದೂ ಕುಸಿದು, ಸಾಲುಸಾಲಾಗಿ ಕಂಬಗಳು ನೆಲಕಚ್ಚಿದುವು. ನಾನೂರಕ್ಕೂ ಹೆಚ್ಚು ಮಂದಿ ಒಳಗೆ ಸಿಕ್ಕಿ ಮಡಿದರು. ಆ ದುರಂತದ ತರುವಾಯ ಸಾಲಮನ್ ಮತ್ತು ಮನ್ರೊ ಎಂಬ ವಿದ್ವಾಂಸರು ಕುಸಿದ ಕಂಬಗಳನ್ನೂ ಕುಸಿಯದೆ ನಿಂತ ಕಂಬಗಳನ್ನೂ ಅಳೆದು ತುಲನೆಮಾಡಿ, ಕಂಬದ ಅಗಲವೂ ಎತ್ತರವೂ ಎಷ್ಟಿರಬೇಕೆಂಬುದಕ್ಕೆ ೧೯೬೭ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ಹೀಗೆ ಒಂದೇ ಕಂಬ ಒಂದು ಗಣಿಯಲ್ಲಿ ದೊಡ್ಡದಾಗಿರಬೇಕು, ಇನ್ನೊಂದರಲ್ಲಿ ಇರಲೇಬಾರದು. ಆಳವನ್ನೂ ಶಿಲೆಯ ಜಾತಿಯನ್ನೂ ತಿಳಿಯದೆ ಹೇಳುವ ನಿಯಮಕ್ಕೆ ಬೆಲೆಯಿಲ್ಲ.

ಕೋಲಾರದಲ್ಲಿ ಅದುರನ್ನು ತೆಗೆದ ಸೀಳನ್ನು ಬರಿದಾಗಿ ಬಿಡಲಾಗದು, ಕಂಬವನ್ನೂ ಬಿಡಲಾಗದು ಎಂದ ಮೇಲೆ ಉಳಿದ ದಾರಿ ಒಂದೇ: ತೆಗೆದಷ್ಟನ್ನೂ ಬೇರೆ ಏನಾದರಿಂದ ತುಂಬುತ್ತ ಹೋಗುವುದು. ಇಲ್ಲಿ ನಮ್ಮ ನಾಡಿನ ಕಲ್ಲುಕುಟಿಗರ ಕೈಕಸುಬು ನೆರವಿಗೆ ಬಂತು. ಮೇಲೆ ನೆಲದ ಮೇಲಿನ ಬಂಡೆಗಳಿಂದ ಗ್ರಾನೈಟ್ ಕಲ್ಲನ್ನು ಒಡೆದು, ಮಟ್ಟಸವಾಗಿ ಕಡಿದು, ಗಣಿಯೊಳಕ್ಕೆ ಇಳಿಸಿ, ಸೀಳಿನಲ್ಲಿ ಗೋಡೆಗೆ ಗೋಡೆ ತಗುಲುವಂತೆ ಕಲ್ಲಿನ ಕಟ್ಟಡವನ್ನೇ ಕಟ್ಟತೊಡಗಿದರು. ಚಿನ್ನದ ಕಲ್ಲು ಮೇಲಕ್ಕೆ ಬರುತ್ತಿತ್ತು. ಅದರ ಜಾಗಕ್ಕೆ ಕಟ್ಟಡದ ಕಲ್ಲು ಕೆಳಕ್ಕೆ ಹೋಗುತ್ತಿತ್ತು. ಅನಂತರದ ಕಾಲದಲ್ಲಿ, ಇನ್ನೂ ಆಳವಾದ ಪಾತಳಿಗಳಲ್ಲಿ, ಕಾಂಕ್ರೀಟನ್ನು ತುಂಬುವ ಪದ್ಧತಿ ರೂಢಿಗೆ ಬಂತು. ಈ ತುಂಬುವಿಕೆ ಹತ್ತು ಸಾವಿರ ಅಡಿಯ ಭಾರವನ್ನು ಎತ್ತಿ ಹಿಡಿಯುತ್ತದೆಂದು ಯಾರೂ ತಿಳಿದಿರಲಿಲ್ಲ. ಅಷ್ಟು ಭಾರವನ್ನು ಮನುಷ್ಯನ ಕಟ್ಟಡ ಯಾವುದೂ ಎತ್ತಲಾರದು. ಎರಡು ಗೋಡೆಗಳು ಒಂದನ್ನೊಂದು ಸಮೀಪಿಸುವುದು ತಡವಾಗಿ, ಮೆಲ್ಲಮೆಲ್ಲನೆ, ಆಗಲಿ ಎಂಬುದಷ್ಟೇ ಅದರ ಉದ್ದೇಶ. ಮೆಲ್ಲನೆ ಬಿಚ್ಚಿದ ಬಿಲ್ಲು ಯಾರನ್ನೂ ನೋಯಿಸುವುದಿಲ್ಲವಷ್ಟೆ.

ಕಾಯುವ ಕೆಲಸದ ಇನ್ನೊಂದು ಅಂಗ ಕೇಳುವುದು. ಇದು ವಿಜ್ಞಾನಕ್ಕಿಂತ ಹಳೆಯದು. ಕಲ್ಲುಕುಟಿಗನು ಬಂಡೆಯ ಮೇಲೆ ಸುತ್ತಿಗೆಯನ್ನು ಬಡಿದು, ದನಿ ಗಂಟೆಯಂತೆ ಬಂದರೆ ಕಲ್ಲು ಇಡಿಯೆಂದೂ, ಒಡೆದ ಮಡಕೆಯಂತೆ ಬಂದರೆ ಒಳಗೆ ಬಿರುಕಿದೆಯೆಂದೂ ತಿಳಿಯುತ್ತಾನೆ. ಗಣಿಯಲ್ಲಿಯೂ ಹಾಗೆಯೇ. ಪಾಳಿ ಆರಂಭವಾದೊಡನೆ ಅನುಭವಸ್ಥನೊಬ್ಬನು ಉದ್ದವಾದ ಹಾರೆಯಿಂದ ಚಾವಣಿಯನ್ನು ತಟ್ಟಿ ಕೇಳಿ, ಸಡಿಲವಾದ ಕಲ್ಲನ್ನು ಮೀಟಿ ಬೀಳಿಸಿದ ಮೇಲೆಯೇ ಇತರರು ಮುಂದುವರಿಯುವರು. ಇಷ್ಟು ಸಾಮಾನ್ಯವಾಗಿ ಕಾಣುವ ಈ ತಟ್ಟುವಿಕೆ ಎಷ್ಟು ಪ್ರಾಣಗಳನ್ನು ಉಳಿಸಿತೆಂಬುದಕ್ಕೆ ಲೆಕ್ಕ ಸಿಗದು. ಬೀಳದ ಕಲ್ಲನ್ನು ಯಾರೂ ಎಣಿಸುವುದಿಲ್ಲ.

ಆದರೆ ಹಾರೆಯ ದನಿ ಒಂದೆರಡು ಗಜದ ಒಳಗಿನ ಸಂಗತಿಯನ್ನು ಹೇಳೀತೇ ಹೊರತು ದೂರದ ಬಿಗುವನ್ನು ಹೇಳಲಾರದು. ಇದಕ್ಕಾಗಿ ೧೯೧೨ರ ಸುಮಾರಿಗೆ ಕೋಲಾರದ ಗಣಿಯ ಪ್ರದೇಶದಲ್ಲಿ ವೀಚರ್ಟ್ ಎಂಬ ಜರ್ಮನ್ ವಿದ್ವಾಂಸನ ಹೆಸರಿನ ಭೂಕಂಪಲೇಖಕ ಯಂತ್ರವನ್ನು ನಿಲ್ಲಿಸಲಾಯಿತು. ಶಿಲಾಸ್ಫೋಟ ಎಂದು ಎಷ್ಟು ಹೊತ್ತಿಗೆ ಎಷ್ಟು ರಭಸದಿಂದ ಆಯಿತೆಂಬುದು ಕಾಗದದ ಮೇಲೆ ಗೆರೆಯಾಗಿ ಮೂಡತೊಡಗಿತು. ೧೯೫೦ರ ದಶಕದಲ್ಲಿ ಐಸಾಕ್ಸನ್ ಎಂಬ ಎಂಜಿನಿಯರರು ಕೋಲಾರದ ಸ್ಫೋಟಗಳನ್ನು ಗಣಿತದ ಮೂಲಕ ವಿಚಾರಿಸಿ, ಗಣಿಗಳಲ್ಲಿನ ಶಿಲೆಯ ಒತ್ತಡವನ್ನು ಕುರಿತು ಪುಸ್ತಕವನ್ನು ಬರೆದರು. ಕೋಲಾರದ ಅನುಭವ ಹೀಗೆ ಬೇರೆ ದೇಶಗಳ ಎಂಜಿನಿಯರರ ಮೇಜಿನ ಮೇಲಕ್ಕೂ ಹೋಯಿತು.

ಅಷ್ಟರೊಳಗೆ ಗಣಿಗಳ ಒಡೆತನ ಬದಲಾಗಿತ್ತು. ೧೯೫೬ರಲ್ಲಿ ಮೈಸೂರು ಸರ್ಕಾರ ಅವನ್ನು ವಹಿಸಿಕೊಂಡಿತು. ೧೯೬೨ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದುವು. ಒಡೆಯರು ಬದಲಾದರೂ ಬಂಡೆ ಬದಲಾಗಲಿಲ್ಲ. ಅದೇ ೧೯೬೨ರ ನವೆಂಬರಿನಲ್ಲಿ ಚಾಂಪಿಯನ್ ರೀಫ್ ಗಣಿಯ ಗ್ಲೆನ್ ಎಂಬ ಭಾಗದಲ್ಲಿ ಭಾರಿಯಾದ ಶಿಲಾಸ್ಫೋಟವಾಯಿತು. ಅದು ಒಂದು ಸ್ಥಳದಲ್ಲಿ ಒಮ್ಮೆ ಸಿಡಿದು ಮುಗಿಯುವ ಜಾತಿಯದಲ್ಲ. ಒಂದರ ಹೊರೆ ಇನ್ನೊಂದಕ್ಕೆ ದಾಟುತ್ತ, ವಿಶಾಲವಾದ ಪ್ರದೇಶದಲ್ಲಿ ದಿನಗಟ್ಟಲೆ ಸ್ಫೋಟದ ಮೇಲೆ ಸ್ಫೋಟವಾದುವು. ೧೯೭೦ರ ದಶಕದ ಕೊನೆಯ ವೇಳೆಗೆ ಭಾಭಾ ಅಣುಸಂಶೋಧನ ಕೇಂದ್ರದ ಸಹಕಾರದಿಂದ ಕೋಲಾರದ ನೆಲದ ಮೇಲೂ ಒಳಗೂ ಜಿಯೋಫೋನುಗಳ ಜಾಲವನ್ನು ಹರಡಿದರು. ಜಿಯೋಫೋನೆಂದರೆ ಬಂಡೆಯ ಕಿವಿ. ಮನುಷ್ಯನ ಕಿವಿಗೆ ಕೇಳದ ಸಣ್ಣ ಬಿರುಕಿನ ದನಿಯನ್ನೂ ಅದು ಹಿಡಿಯುತ್ತದೆ. ಒಂದೇ ದನಿ ಬೇರೆಬೇರೆ ಜಿಯೋಫೋನುಗಳನ್ನು ಬೇರೆಬೇರೆ ಕ್ಷಣದಲ್ಲಿ ಮುಟ್ಟುವುದರಿಂದ, ಆ ವ್ಯತ್ಯಾಸವನ್ನು ಲೆಕ್ಕಹಾಕಿ ಬಿರುಕು ಎಲ್ಲಿ ಹುಟ್ಟಿತೆಂದು ಗುರುತಿಸಬಹುದು.

ಇದರಿಂದ ಯಾವ ಭಾಗದಲ್ಲಿ ಬಿಗುವು ಹೆಚ್ಚುತ್ತಿದೆ ಎಂಬುದನ್ನು ಅರಿತು, ಅಲ್ಲಿಂದ ಜನರನ್ನು ತೆಗೆದು, ಕೆಲಸದ ಅನುಕ್ರಮವನ್ನು ಬದಲಿಸಲು ಸಾಧ್ಯವಾಯಿತು. ಇಂಥ ದಿನ ಇಂಥ ಗಂಟೆಗೆ ಸಿಡಿಯುತ್ತದೆ ಎಂದು ಮುಂದಾಗಿ ಹೇಳುವ ವಿದ್ಯೆ ಮಾತ್ರ ಆಗಲೂ ಇರಲಿಲ್ಲ, ಈಗಲೂ ಯಾವ ದೇಶದಲ್ಲಿಯೂ ಇಲ್ಲ. ಸ್ಥಳವನ್ನು ಹೇಳಬಹುದು, ಮುಹೂರ್ತವನ್ನು ಹೇಳಲಾಗದು. ಯಂತ್ರದ ಮೇಲಿನ ನಂಬಿಕೆಯಿಂದ ಹಾರೆಯನ್ನು ಕೆಳಗಿಡಬಾರದೆಂಬುದಕ್ಕೆ ಇದೇ ಆಧಾರ.

೧೯೮೮ರಲ್ಲಿ ಈ ಎಲ್ಲ ಅನುಭವಕ್ಕೆ ಒಂದು ಮನೆ ದೊರೆಯಿತು. ಭಾರತ ಸರ್ಕಾರದ ಗಣಿ ಸಚಿವಾಲಯದ ಆಶ್ರಯದಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು; ಅದರ ನೆಲೆ ಚಾಂಪಿಯನ್ ರೀಫ್ಸ್. ಹದಿಮೂರು ವರ್ಷಗಳಲ್ಲಿ, ೨೦೦೧ರಲ್ಲಿ, ಗಣಿಯೇ ಮುಚ್ಚಿತು. ಅಷ್ಟು ಹೊತ್ತಿಗೆ ಚಾಂಪಿಯನ್ ರೀಫ್ ಹತ್ತು ಸಾವಿರ ಅಡಿಗಳನ್ನು ದಾಟಿ, ಬರಿಯ ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾದ ಬಂಡೆಯನ್ನು ತಲಪಿತ್ತು. ಕೋಲಾರ ಒಟ್ಟು ೮೦೦ ಟನ್ನಿಗೂ ಹೆಚ್ಚು ಚಿನ್ನವನ್ನು ಕೊಟ್ಟಿತ್ತು. ನೀರೆತ್ತುವ ಯಂತ್ರಗಳು ನಿಂತುವು. ಗಣಿಯಲ್ಲಿ ನೀರು ಏರಿತು. ಜನರಿಲ್ಲದ ಆ ಸೀಳುಗಳಲ್ಲಿಯೂ ಬಂಡೆ ಸುಮ್ಮನಾಗಲಿಲ್ಲ. ನೀರು ತುಂಬಿದಂತೆ ಹಳೆಯ ಬಿರುಕುಗಳು ಜರುಗಿ ಮೇಲಿನ ಊರು ಮತ್ತೆ ಅದುರಿತು. ಸಂಸ್ಥೆಯ ಯಂತ್ರಗಳು ಇದನ್ನೂ ಬರೆದಿಟ್ಟುವು. ಅನಂತರ ಸಂಸ್ಥೆಯ ಮುಖ್ಯ ಕಾರ್ಯಾಲಯ ಬೆಂಗಳೂರಿಗೆ, ಬನಶಂಕರಿಗೆ, ಬಂತು.

ಗಣಿ ಮುಚ್ಚಿದ ಮೇಲೆ ಈ ವಿದ್ಯೆಯಿಂದ ಏನು ಪ್ರಯೋಜನವೆಂದು ಕೇಳುವವರು ಉಂಟು. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಈಗಲೂ ನಡೆಯುತ್ತಿದೆ; ಅಲ್ಲಿಯೂ ಚಾವಣಿಯ ಕೆಳಗೆ ಜನ ನಿಂತಿದ್ದಾರೆ. ಗಣಿಯಲ್ಲದ ಕಡೆಗಳಲ್ಲಿಯೂ ಮನುಷ್ಯನು ಬಂಡೆಯನ್ನು ತೋಡುತ್ತಿದ್ದಾನೆ. ಗುಜರಾತಿನ ಸರ್ದಾರ್ ಸರೋವರದ ವಿದ್ಯುದಾಗಾರ ಇರುವುದು ನೆಲದಡಿಯ ದೊಡ್ಡ ಗುಹೆಯಲ್ಲಿ. ಭೂತಾನದ ತಾಲಾ ಜಲವಿದ್ಯುತ್ ಕೇಂದ್ರದ ಯಂತ್ರಶಾಲೆಯೂ ಹಾಗೆಯೇ. ಇಂತಹ ಗುಹೆಗಳಲ್ಲಿ ಬಂಡೆಯನ್ನು ಕಟ್ಟಿಹಾಕುವ ಸಾಧನ ಉಕ್ಕಿನ ಸರಳು. ಬಂಡೆಯಲ್ಲಿ ಆಳವಾದ ತೂತನ್ನು ಕೊರೆದು, ಸರಳನ್ನು ಒಳಗಿಟ್ಟು, ಸಿಮೆಂಟಿನಿಂದಲೋ ಅಂಟಿನಿಂದಲೋ ಬಿಗಿಯುತ್ತಾರೆ. ಬಿಡಿಯಾದ ಓಲೆಗರಿ ಬಾಗುತ್ತದೆ. ನೂರು ಗರಿಗಳನ್ನು ಹಲಗೆಯಿಟ್ಟು ಬಿಗಿದು ಕಟ್ಟಿದರೆ ಬಾಗುವುದಿಲ್ಲ. ಸರಳು ಬಂಡೆಯ ಪದರುಗಳಿಗೆ ಮಾಡುವುದೂ ಇದನ್ನೇ. ಹಳೆಯ ಕಂಬ ಬಂಡೆಗೆ ಹೊರಗಿನಿಂದ ಊರೆಗೊಟ್ಟಿತು. ಸರಳು ಬಂಡೆಯನ್ನೇ ಅದರ ಚಾವಣಿಯಾಗಿ ಮಾಡುತ್ತದೆ. ತಾಲಾದಲ್ಲಿ ಈ ಸರಳುಗಳು ಒಂದೊಂದಾಗಿ ತುಂಡಾಗತೊಡಗಿದಾಗ, ಆ ಗೋಡೆಗಳ ದನಿಯನ್ನು ಆಲಿಸಲು ಹೋದವರು ಕೋಲಾರದಲ್ಲಿ ಆಲಿಸುವುದನ್ನು ಕಲಿತಿದ್ದ ಈ ಸಂಸ್ಥೆಯವರೇ.

ಬೆಂಗಳೂರಿನ ನಿವಾಸಿಗಳಿಗೂ ಈ ವಿಚಾರ ದೂರದ್ದಲ್ಲ. ೨೦೧೭ರ ಜೂನ್ ತಿಂಗಳಿಂದ ಬನಶಂಕರಿ, ಜಯನಗರಗಳ ಕಡೆಯಿಂದ ಉತ್ತರಕ್ಕೆ ಹೋಗುವ ಮೆಟ್ರೋ ರೈಲು ನ್ಯಾಷನಲ್ ಕಾಲೇಜನ್ನು ದಾಟಿ ನೆಲದೊಳಕ್ಕಿಳಿದು, ಕೃಷ್ಣರಾಜೇಂದ್ರ ಮಾರುಕಟ್ಟೆ, ಚಿಕ್ಕಪೇಟೆಗಳ ಅಡಿಯಲ್ಲಿ ಸಾಗುತ್ತಿದೆ. ಅದು ಕಾಂಕ್ರೀಟಿನ ಬಳೆಗಳನ್ನು ತೊಡಿಸಿದ ಸುರಂಗ. ಅದರ ಆಳವೂ ಕೋಲಾರದ ಆಳದ ಮುಂದೆ ಅತ್ಯಲ್ಪ. ಆದರೂ ಮೂಲತತ್ತ್ವ ಅದೇ. ತೆಗೆದುಹಾಕಿದ ನೆಲ ಹೊತ್ತಿದ್ದ ಹೊರೆಯನ್ನು ಉ|ಳಿದ ನೆಲ ಹೊತ್ತಿದೆ. ಅದು ಹೊರುವಂತೆ ಯಾರೋ ಲೆಕ್ಕಮಾಡಿದ್ದಾರೆ. ವೃತ್ತಪತ್ರಿಕೆಯನ್ನು ಓದುತ್ತ ಆ ದಾರಿಯಲ್ಲಿ ಹೋಗುವವರು ಚಾವಣಿಯ ಕಡೆ ತಲೆಯೆತ್ತಿ ನೋಡುವುದಿಲ್ಲ. ನೋಡಬೇಕಾದ ಅವಶ್ಯಕತೆ ಇಲ್ಲದಿರುವುದೇ ಆ ವಿದ್ಯೆಯ ಸಾರ್ಥಕತೆ.

ಈ ವಿದ್ಯೆಯನ್ನು ಗಳಿಸಿದವರು ಯಾರು? ಸ್ಮೀತ್, ಐಸಾಕ್ಸನ್ ಮೊದಲಾದವರ ಹೆಸರು ಗ್ರಂಥಗಳಲ್ಲಿದೆ, ಇರಬೇಕಾದದ್ದೇ. ಆದರೆ ಯಾವ ಕಂಬ ಕೊಲ್ಲುತ್ತದೆ, ಯಾವ ದಿಕ್ಕಿನಿಂದ ಅಗೆದರೆ ಅಪಾಯ, ಯಾವ ದನಿ ಕೇಳಿದರೆ ಓಡಬೇಕು ಎಂಬುದು ಮೊದಲು ತಿಳಿದದ್ದು ಕೆಳಗಿದ್ದವರಿಗೆ. ಕೋಲಾರದ ಹಳ್ಳಿಗಳಿಂದಲೂ, ಚಿತ್ತೂರು, ಉತ್ತರ ಆರ್ಕಾಟು, ಸೇಲಂ ಕಡೆಗಳಿಂದಲೂ ಬಂದು, ಕನ್ನಡ, ತೆಲುಗು, ತಮಿಳುಗಳನ್ನು ಆಡುತ್ತ ಒಂದೇ ತೊಟ್ಟಿಲಲ್ಲಿ ಗಣಿಗೆ ಇಳಿದವರು ಅವರು. ಅವರಲ್ಲಿ ಹಲವರು ತಮಗೆ ತಿಳಿದುದನ್ನು ಹೇಳಲು ಮೇಲಕ್ಕೆ ಬರಲಿಲ್ಲ. ಸ್ಫೋಟವಾದ ಸ್ಥಳ, ಆಳ, ಹೊತ್ತು ಇವುಗಳ ಪಟ್ಟಿಯನ್ನು ಇಂದು ವಿದ್ವಾಂಸರು ಅಂಕಿಗಳೆಂದು ಓದುತ್ತಾರೆ. ಆ ಅಂಕಿಗಳಲ್ಲಿ ಅನೇಕವಕ್ಕೆ ಒಂದೊಂದು ಮನೆಯ ದೀಪ ಆರಿದ ಚರಿತ್ರೆಯಿದೆ.

ಚಿನ್ನ ಕರಗಿ ಒಡವೆಯಾಗಿ, ಒಡವೆ ಮತ್ತೆ ಕರಗಿ, ಯಾವ ಗಣಿಯದೆಂಬ ಗುರುತನ್ನು ಕಳೆದುಕೊಳ್ಳುತ್ತದೆ. ಕೋಲಾರದಿಂದ ಗುರುತು ಕಳೆಯದೆ ಬಂದ ಸಂಪತ್ತೆಂದರೆ ಬಂಡೆಯ ವಿಷಯವಾದ ಈ ಅರಿವು. ಕೊಂಡದ್ದು ದುಬಾರಿಯಾದ ಬೆಲೆಗೆ. ಕಳೆದುಕೊಂಡರೆ ಮತ್ತೆ ಅದೇ ಬೆಲೆಯನ್ನು ತೆರಬೇಕಾಗುತ್ತದೆ. ಗಣಿ ಮುಚ್ಚಿದಾಗ ಯಂತ್ರಗಳನ್ನು ಮಾರಬಹುದು, ಕಟ್ಟಡಗಳನ್ನು ಬಿಟ್ಟುಬಿಡಬಹುದು. ನಕ್ಷೆಗಳನ್ನೂ, ಕಂಪನದ ಗೆರೆಗಳಿರುವ ಹಾಳೆಗಳನ್ನೂ, ವಯಸ್ಸಾದ ಕೆಲಸಗಾರರ ನೆನಪನ್ನೂ ಹಾಗೆ ಮಾಡಲಾಗದು. ಅವನ್ನು ಜೋಪಾನವಾಗಿ ಕಾಪಾಡಿ, ಕನ್ನಡದಲ್ಲಿಯೂ ಬರೆದಿಟ್ಟು, ಎಳೆಯರಿಗೆ ಓದಿಸುವುದು ಒಂದು ಸಂಸ್ಥೆಯ ಕರ್ತವ್ಯ ಮಾತ್ರವಲ್ಲ. ಬನಶಂಕರಿಯ ಆ ಕಟ್ಟಡದ ಮುಂದೆ ದಿನವೂ ಓಡಾಡುವ ನಮ್ಮೆಲ್ಲರ ಹೊಣೆ ಅದರಲ್ಲಿ ಸೇರಿದೆ.